ಸಾಗಾ: ಇಷ್ಟು ನಿಧಾನ ಯಾಕೆ, ಈ ಅಪ್ಪ ಅಮ್ಮ ಹೀಗೆ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ‘ಸಾಗಾ’ ಕಾಮಿಕ್ಸ್ ಎರವಲು ತಗೊಂಡವರು ತುಂಬಾ ಜನ. ಕೆಲವರು ಎರಡು ರಾತ್ರಿಯಲ್ಲಿ ಮುಗಿಸಿದರು, ಕೆಲವರು ಅರ್ಧಕ್ಕೆ ಬಿಟ್ಟರು, ಒಬ್ಬರು ಪುಸ್ತಕ ವಾಪಸ್ಸೇ ಕೊಟ್ಟಿಲ್ಲ. ಎಲ್ಲರೂ ಸುತ್ತಿ ಬಳಸಿ ಕೇಳುವುದು ಮಾತ್ರ ಎರಡೇ ಪ್ರಶ್ನೆ. ಕಥೆ ಕೆಲವು ಕಡೆ ಓಡಿ, ಕೆಲವು ಕಡೆ ಕೂತುಬಿಡುವುದು ಯಾಕೆ? ನಾಯಕ ನಾಯಕಿ ಅನ್ನಿಸಿಕೊಂಡವರು ಇಷ್ಟೊಂದು ತಪ್ಪು ಮಾಡುವುದು ಯಾಕೆ? ಪ್ರತಿ ಸಲ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಮೊದಲ ಕೆಲವು ಉತ್ತರಗಳನ್ನು ಯಾರು ಬೇಕಾದರೂ ಓದಬಹುದು. ಆಮೇಲೆ ಒಂದು ಕಡೆ ಎಚ್ಚರಿಕೆ ಹಾಕಿದ್ದೇನೆ, ಅಲ್ಲಿಂದಾಚೆ ಕಥೆ ಬಯಲಾಗುತ್ತದೆ.

ಏನಿದು ಸಾಗಾ? ಚಿಕ್ಕದಾಗಿ ಹೇಳಿ.

ಬರೆದವರು ಅಮೆರಿಕದ ಬ್ರಯಾನ್ ಕೆ. ವಾನ್, ಚಿತ್ರ ಬಿಡಿಸುವವರು ಕೆನಡಾದ ಫಿಯೋನಾ ಸ್ಟೇಪಲ್ಸ್. ಮೊದಲ ಸಂಚಿಕೆ 2012ರ ಮಾರ್ಚ್‌ನಲ್ಲಿ ಇಮೇಜ್ ಕಾಮಿಕ್ಸ್‌ನಿಂದ ಬಂತು. ಲ್ಯಾಂಡ್‌ಫಾಲ್ ಅಂತ ಒಂದು ದೊಡ್ಡ ಗ್ರಹ. ರೀತ್ ಅಂತ ಅದರ ಚಂದ್ರ. ಇವೆರಡಕ್ಕೂ ಮುಗಿಯದ ಯುದ್ಧ. ಗ್ರಹದವರಿಗೆ ರೆಕ್ಕೆ, ಚಂದ್ರನವರಿಗೆ ಕೊಂಬು. ರೆಕ್ಕೆಯ ಅಲಾನಾ ಜೈಲಿನ ಕಾವಲಿಗಿದ್ದವಳು, ಕೊಂಬಿನ ಮಾರ್ಕೋ ಅದೇ ಜೈಲಿನ ಕೈದಿ. ಇಬ್ಬರೂ ಓಡಿಹೋಗುತ್ತಾರೆ, ಮದುವೆಯಾಗುತ್ತಾರೆ, ಮಗಳು ಹುಟ್ಟುತ್ತಾಳೆ. ಅವಳ ಹೆಸರು ಹೇಜಲ್. ಅವಳಿಗೆ ರೆಕ್ಕೆಯೂ ಇದೆ, ಕೊಂಬೂ ಇದೆ. ಎರಡೂ ಕಡೆಯವರು ಬೆನ್ನು ಹತ್ತುತ್ತಾರೆ. ಕಥೆ ಅಂದರೆ ಅಷ್ಟೇ. ಉಳಿದದ್ದೆಲ್ಲ ಸಂಸಾರ.

ಮಕ್ಕಳಿಗೆ ಕೊಡಬಹುದಾ?

ಬೇಡ. ಬಣ್ಣ ಚೆನ್ನಾಗಿದೆ, ಮಾತಾಡುವ ಬೆಕ್ಕಿದೆ ಅಂತ ಮೋಸ ಹೋಗಬೇಡಿ. ಬೆತ್ತಲೆ, ರಕ್ತ, ಬೈಗುಳ ಎಲ್ಲ ಧಾರಾಳವಾಗಿವೆ. 2013ರಲ್ಲಿ 12ನೇ ಸಂಚಿಕೆಯ ಎರಡು ಪುಟ್ಟ ಚಿತ್ರಗಳಿಂದಾಗಿ ಅದು ಐಫೋನ್ ಆ್ಯಪ್‌ನಲ್ಲಿ ಬರುವುದೇ ತಡವಾಗಿ, ದೊಡ್ಡ ಗಲಾಟೆಯಾಗಿತ್ತು.

ಒಟ್ಟು ಎಷ್ಟು ಸಂಚಿಕೆ? ಮುಗಿದಿದೆಯಾ?

ಮುಗಿದಿಲ್ಲ. ಒಟ್ಟು 108 ಸಂಚಿಕೆ ಅಂತ ಇಬ್ಬರೂ ಹೇಳಿದ್ದಾರೆ. 2018ರ ಜುಲೈನಲ್ಲಿ ಬಂದ 54ನೆಯದು ಸರಿಯಾಗಿ ಅರ್ಧ. ಅದಾದ ಮೇಲೆ ಮೂರೂವರೆ ವರ್ಷ ಏನೂ ಬರಲಿಲ್ಲ. 2022ರ ಜನವರಿಯಲ್ಲಿ 55ನೆಯದು ಬಂತು. ಆರು ಸಂಚಿಕೆ ಸೇರಿದರೆ ಒಂದು ಸಂಪುಟ. ಪ್ರತಿ ಸಂಪುಟದ ನಡುವೆ ಒಂದಷ್ಟು ತಿಂಗಳು ಬಿಡುವು.

ಈ ಬಿಡುವಿಗೆ ಕಾರಣ ಇದೆ. ದೊಡ್ಡ ಕಂಪನಿಗಳ ಕಾಮಿಕ್ಸ್‌ನಲ್ಲಿ ಕಲಾವಿದರು ಸುಸ್ತಾದರೆ ಬೇರೊಬ್ಬರನ್ನು ಕೂರಿಸುತ್ತಾರೆ. ಹೀರೋ ಮೂಗು ಒಂದು ತಿಂಗಳು ಉದ್ದ, ಮುಂದಿನ ತಿಂಗಳು ಮೊಂಡು! ಇಲ್ಲಿ ಹಾಗಿಲ್ಲ. ಮುಖಪುಟದಿಂದ ಹಿಡಿದು ಒಳಗಿನ ಪ್ರತಿ ಪುಟವೂ ಸ್ಟೇಪಲ್ಸ್ ಕೈಯದ್ದೇ. ಅವರ ಕೈಗೆ ವಿಶ್ರಾಂತಿ ಬೇಕಾದರೆ ಕಥೆಯೂ ನಿಲ್ಲುತ್ತದೆ. ಇದೇ ಸರಿ ಅನ್ನುವವನು ನಾನು.

ಒಂದು ಸಂಚಿಕೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೂ ಕಥೆ ನಿಧಾನ ಅನ್ನಿಸುತ್ತದಲ್ಲ?

ಎರಡೂ ನಿಜ. ಪುಟ ಓಡುತ್ತದೆ, ಕಥೆ ನಡೆಯುತ್ತದೆ.

ಮೊದಲು ಪುಟದ ವಿಷಯ ನೋಡೋಣ. ಒಂದು ಪುಟಕ್ಕೆ ನಾಲ್ಕೈದು ಚೌಕ, ಒಂದೊಂದರಲ್ಲಿ ಒಂದೆರಡು ಮಾತು. ಸಂಚಿಕೆ ಸಾಮಾನ್ಯವಾಗಿ ಒಂದು ಇಡೀ ಪುಟದ ಚಿತ್ರದಿಂದ ಶುರುವಾಗುತ್ತದೆ, ಅದು ಬಹಳ ಸಲ ನಮ್ಮನ್ನು ಬೆಚ್ಚಿಬೀಳಿಸುವಂಥದ್ದು. ಕೊನೆಯಲ್ಲೂ ಇಡೀ ಪುಟದ ಚಿತ್ರ, ಅಲ್ಲೊಂದು ಕೊಕ್ಕೆ. ಸುಧಾ, ತರಂಗದ ಧಾರಾವಾಹಿ ಓದಿ ಬೆಳೆದವರಿಗೆ ಇದು ಹೊಸದಲ್ಲ. ಬಾಗಿಲು ಬಡಿದ ಸದ್ದಾಯಿತು, ತೆರೆದು ನೋಡಿದರೆ... ಅಂತ ನಿಲ್ಲಿಸಿ ಕೆಳಗೆ ‘ಮುಂದುವರಿಯುವುದು’ ಅಂತ ಹಾಕುತ್ತಿದ್ದರಲ್ಲ, ಅದೇ ಕಸುಬು.

ಆದರೆ ನಡುವಿನ ಪುಟಗಳಲ್ಲಿ ಏನಿದೆ ನೋಡಿ. ಮಗುವಿಗೆ ಹಾಲು ಕುಡಿಸುವುದು, ಅತ್ತೆ ಸೊಸೆಯ ಕೊಂಕು ಮಾತು, ದುಡ್ಡಿಲ್ಲ ಅನ್ನುವ ಗೋಳು, ಸಿನಿಮಾ ಥರದ ಧಾರಾವಾಹಿಯಲ್ಲಿ ಅಲಾನಾ ನಟನೆಗೆ ಹೋಗುವುದು, ಮಾರ್ಕೋ ಮನೆಯಲ್ಲಿ ಮಗು ನೋಡಿಕೊಳ್ಳುವುದು. ಮಾರ್ಕೋನ ಅಪ್ಪನ ಹೆಸರು ಬಾರ್, ಅವನಿಗೆ ಬದುಕಲು ಹೆಚ್ಚು ದಿನ ಉಳಿದಿಲ್ಲ. ಆ ಮನುಷ್ಯ ಬಂದ ಮೇಲೆ ಮಾಡುವ ಮುಖ್ಯ ಕೆಲಸ ಏನು ಗೊತ್ತಾ? ಸೊಸೆಗೆ, ಮೊಮ್ಮಗಳಿಗೆ ಬಟ್ಟೆ ಹೊಲಿಯುವುದು. ಬಾಹ್ಯಾಕಾಶದ ಸಾಹಸ ಕಥೆಯಲ್ಲಿ ಹೊಲಿಗೆಗೆ ಪುಟ ಕೊಡುತ್ತಾರೆ! ಸಾವಿಗೆ ಮಾತ್ರ ಬಹಳ ಸಲ ಒಂದೇ ಚೌಕ.

ನನಗೆ ಈ ಲೆಕ್ಕಾಚಾರವೇ ಇಷ್ಟ. ಗುಂಡು ಹಾರುವುದು ಕ್ಷಣದ ಕೆಲಸ, ಗಂಡ ಹೆಂಡತಿ ದೂರವಾಗುವುದು ಕ್ಷಣದ ಕೆಲಸ ಅಲ್ಲ. ಅದಕ್ಕೆ ಪಾತ್ರೆ ತೊಳೆಯುವ ಪುಟ, ಮಾತಾಡದೆ ಮಲಗಿದ ಪುಟ ಎಲ್ಲ ಬೇಕು.

ಯುದ್ಧದ ಕಥೆ ಅಂದಿರಿ. ಯುದ್ಧವೇ ಕಾಣುವುದಿಲ್ಲವಲ್ಲ?

ಅದೇ ಅದರ ಕುಹಕ. ಲ್ಯಾಂಡ್‌ಫಾಲ್ ಆಗಲಿ ರೀತ್ ಆಗಲಿ ಒಂದು ನಾಶವಾದರೆ ಇನ್ನೊಂದು ಕಕ್ಷೆ ತಪ್ಪಿ ಹೋಗುತ್ತದೆ. ಹಾಗಾಗಿ ತಮ್ಮ ಮನೆಯಲ್ಲಿ ಹೊಡೆದಾಡುವಂತಿಲ್ಲ. ಯುದ್ಧವನ್ನು ಬೇರೆ ಗ್ರಹಗಳಿಗೆ ಸಾಗಿಸಿದ್ದಾರೆ. ಹೊರಗುತ್ತಿಗೆ ಅನ್ನಿ. ಮನೆಯಲ್ಲಿ ಕೂತವರಿಗೆ ಯುದ್ಧ ಬರೀ ಸುದ್ದಿ, ಸಾಯುವವರು ಇನ್ಯಾರೋ. ಹೇಜಲ್ ಹುಟ್ಟಿದ ಕ್ಲೀವ್ ಅಂಥದ್ದೇ ಒಂದು ಗ್ರಹ. ಅಲ್ಲಿ ಸತ್ತ ಹುಡುಗಿ ಇಜಬೆಲ್ ದೆವ್ವವಾಗಿ ಬಂದು ಹೇಜಲ್‌ಳ ಆಯಾ ಆಗುತ್ತಾಳೆ. ಸೊಂಟದಿಂದ ಕೆಳಗೆ ದೇಹವೇ ಇಲ್ಲ, ಕರುಳು ನೇತಾಡುತ್ತಿರುತ್ತದೆ. ಯುದ್ಧ ಏನು ಅಂತ ಬೇರೆ ದೃಶ್ಯ ಯಾಕೆ ಬೇಕು ಹೇಳಿ.

ಹೇಜಲ್ ಮುಂದಾಗುವುದನ್ನೆಲ್ಲ ಮೊದಲೇ ಹೇಳುತ್ತಾಳೆ. ಮಜಾ ಹಾಳಾಗುವುದಿಲ್ಲವಾ?

ನನಗೂ ಮೊದಲು ಹಾಗೇ ಅನ್ನಿಸಿತ್ತು. ಕಥೆ ಹೇಳುವವಳು ದೊಡ್ಡವಳಾದ ಹೇಜಲ್. ಅವಳ ಮಾತು ಚೌಕದ ಡಬ್ಬಿಯಲ್ಲಿ ಇರುವುದಿಲ್ಲ. ಸ್ಟೇಪಲ್ಸ್ ತಮ್ಮ ಕೈಬರಹದಲ್ಲೇ ಚಿತ್ರದ ಮೇಲೆ ಬರೆಯುತ್ತಾರೆ. ಹಳೇ ಆಲ್ಬಂ ತೆರೆದು ಫೋಟೋ ಪಕ್ಕ ಯಾರೋ ಪೆನ್ನಿನಲ್ಲಿ ಗೀಚಿದ ಹಾಗೆ.

ಇದರಿಂದ ಒಂದು ವಿಷಯ ಮೊದಲ ಪುಟದಲ್ಲೇ ಖಾತ್ರಿ: ಮಗು ಬದುಕುತ್ತದೆ. ಅಪ್ಪ ಅಮ್ಮನ ಬಗ್ಗೆ ಮಾತ್ರ ಏನೂ ಖಾತ್ರಿಯಿಲ್ಲ. 19ನೇ ಸಂಚಿಕೆಯ ಕೊನೆಯಲ್ಲಿ ಅವಳು ಹೇಳುತ್ತಾಳೆ, ಇದು ನನ್ನ ಅಪ್ಪ ಅಮ್ಮ ಬೇರೆಯಾದ ಕಥೆ ಅಂತ. ಆಮೇಲಿನ ಐದು ಸಂಚಿಕೆ ನಾವು ಪ್ರತಿ ಸಣ್ಣ ಜಗಳವನ್ನೂ ಎದೆ ಹಿಡಿದುಕೊಂಡು ಓದುತ್ತೇವೆ. ಇದೇನಾ? ಇಲ್ಲೇನಾ? ಏನಾಗುತ್ತದೆ ಅಂತ ಗೊತ್ತು, ಹೇಗೆ ಅಂತ ಗೊತ್ತಿಲ್ಲ. ಮಹಾಭಾರತ ಕೇಳುವವರಿಗೆ ಕುರುಕ್ಷೇತ್ರ ನಡೆಯುತ್ತದೆ ಅಂತ ಗೊತ್ತಿರುತ್ತದೆ, ಆದರೂ ಜೂಜಿನ ಪ್ರಸಂಗ ಬಂದಾಗ ‘ಬೇಡ ಕಣೋ ಧರ್ಮರಾಯ’ ಅನ್ನಿಸುತ್ತದೆ ಅಲ್ವಾ? ಹಾಗೆ.

ಇನ್ನೊಂದು ಕೈಚಳಕ 12ನೇ ಸಂಚಿಕೆಯಲ್ಲಿದೆ. ನಮ್ಮ ಸಂಸಾರವನ್ನು ಹುಡುಕುತ್ತಾ ನಾಲ್ಕನೇ ಪ್ರಿನ್ಸ್ ರೋಬೋಟ್ ಒಬ್ಬ ಲೇಖಕನ ಮನೆಗೆ ಬರುತ್ತಾನೆ. ಇವನಿಗೆ ತಲೆಯ ಜಾಗದಲ್ಲಿ ಟೀವಿ ಇದೆ. ಇಡೀ ಸಂಚಿಕೆ ಇಬ್ಬರ ಮಾತುಕತೆ. ಕೊನೆಯ ಪುಟದಲ್ಲಿ ಗೊತ್ತಾಗುತ್ತದೆ, ಅವರೆಲ್ಲ ಅದೇ ಮನೆಯ ಮಹಡಿಯಲ್ಲಿ ಉಸಿರು ಬಿಗಿಹಿಡಿದು ಅಡಗಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಏನಾಯಿತು ಅಂತ ನೋಡಲು ಓಡಿದರೆ, ಕಥೆ ಹಿಂದಕ್ಕೆ ಹೋಗಿ ಅವರು ಆ ಮನೆ ಸೇರಿದ್ದು ಹೇಗೆ ಅಂತ ಆರಾಮಾಗಿ ಹೇಳುತ್ತದೆ. ಆ ಮನೆಯಲ್ಲಿ ಅವರು ಆಟ ಆಡುತ್ತಾ, ಕುಡಿಯುತ್ತಾ, ಬದುಕಿನಲ್ಲಿ ಮೊದಲ ಸಲ ನೆಮ್ಮದಿಯಾಗಿದ್ದಾರೆ. ನಮಗೆ ಮಾತ್ರ ಬಾಗಿಲಿಗೆ ಯಾರು ಬರುತ್ತಾರೆ ಅಂತ ಗೊತ್ತು. ನಿಧಾನವೇ ಭಯ ಹುಟ್ಟಿಸುವುದು ಅಂದರೆ ಇದು.

(ಎಚ್ಚರಿಕೆ: ಇಲ್ಲಿಂದ ಮುಂದೆ ಕಥೆಯ ತಿರುವುಗಳೆಲ್ಲ ಬರುತ್ತವೆ. ಓದಿಲ್ಲದವರು ಸೀದಾ ಕೊನೆಯ ಪ್ರಶ್ನೆಗೆ ಹೋಗಿ.)

ಮಾರ್ಕೋ ಒಳ್ಳೆಯವನಾ, ಇಲ್ಲ ನಾಟಕ ಮಾಡುತ್ತಾನಾ?

ಒಳ್ಳೆಯವನಾಗಬೇಕು ಅಂತ ಬಹಳ ಆಸೆ ಇರುವವನು. ಅದೇ ಅವನ ಕಷ್ಟ.

ಇನ್ನು ಕತ್ತಿ ಹಿಡಿಯುವುದಿಲ್ಲ ಅಂತ ಮೊದಲೇ ಶಪಥ ಮಾಡಿದ್ದಾನೆ. ಆದರೂ ಮನೆತನದ ಕತ್ತಿಯನ್ನು ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಾನೆ. ಸಿಗರೇಟು ಬಿಟ್ಟವನು ಜೇಬಿನಲ್ಲಿ ಪ್ಯಾಕ್ ಇಟ್ಟುಕೊಂಡ ಹಾಗೆ. ಮೊದಲ ಸಂಪುಟ ಮುಗಿಯುವಷ್ಟರಲ್ಲಿ ಶಪಥ ಮುರಿಯುತ್ತದೆ. ಹೆಂಡತಿಗೆ ಏಟು ಬಿತ್ತು ಅಂದಕೂಡಲೇ ಅವನೊಳಗಿನ ಸೈನಿಕ ಎದ್ದು ಬರುತ್ತಾನೆ. ಭಯವಾಗುವುದು ಅವನ ಕೋಪ ನೋಡಿ ಅಲ್ಲ, ಆ ಕೆಲಸದಲ್ಲಿ ಅವನು ಎಷ್ಟು ಪಳಗಿದ್ದಾನೆ ಅಂತ ನೋಡಿ.

ಸಣ್ಣ ಸುಳ್ಳುಗಳೂ ಇವೆ. ಅಲಾನಾಳ ಬೆರಳಿನ ಉಂಗುರವನ್ನೇ ತಗೊಳ್ಳಿ. ಅದನ್ನು ಹಾಕಿಕೊಂಡರೆ ಬೇರೆ ಭಾಷೆ ಅರ್ಥವಾಗುತ್ತದೆ. (ರೀತ್‌ನವರ ಭಾಷೆ ಕಾಮಿಕ್ಸ್‌ನಲ್ಲಿ ನೀಲಿ ಅಕ್ಷರದಲ್ಲಿದೆ, ಅದು ನಿಜವಾದ ಎಸ್ಪೆರಾಂಟೊ, ಅಂದರೆ ಎಲ್ಲ ದೇಶದವರಿಗೂ ಅಂತ ಕಟ್ಟಿದ ಕೃತಕ ಭಾಷೆ. ಅನುವಾದ ಕೊಟ್ಟಿಲ್ಲ, ಕೊಡದಿದ್ದದ್ದೇ ಚೆಂದ.) ಆ ಉಂಗುರ ಮಾರ್ಕೋನ ಹಳೇ ನಿಶ್ಚಿತಾರ್ಥದ್ದು. ಆ ಹುಡುಗಿ ಗ್ವೆಂಡೊಲಿನ್ ಉಂಗುರವನ್ನೂ ಮರೆತಿಲ್ಲ, ಅವನನ್ನೂ ಮರೆತಿಲ್ಲ, ಹುಡುಕಿಕೊಂಡು ಬರುತ್ತಾಳೆ.

ಅವನ ದೊಡ್ಡ ತಪ್ಪು ನಾಲ್ಕನೇ ಸಂಪುಟದಲ್ಲಿ ಆಗುತ್ತದೆ. ಅಡಿಗೆ ಮನೆಯ ಜಗಳ. ಕೈಯಲ್ಲಿದ್ದ ದಿನಸಿ ಚೀಲವನ್ನು ಹೆಂಡತಿಯ ಮೇಲೆ ಎಸೆಯುತ್ತಾನೆ. ಅಷ್ಟೇ. ನೂರು ಜನರನ್ನು ಕೊಂದ ಕೈ ಅದು, ನಮಗೆ ಅಷ್ಟು ನೋವಾಗಿರಲಿಲ್ಲ. ಈ ಚೀಲ ಎಸೆದಾಗ ಪುಸ್ತಕ ಮುಚ್ಚಿಟ್ಟವರು ನನಗೆ ಗೊತ್ತು. ಅಲಾನಾ ಅವನನ್ನು ಹೊರಗೆ ಹಾಕುತ್ತಾಳೆ. ಅವನಿಲ್ಲದ ಹೊತ್ತಿನಲ್ಲೇ ಮನೆಯವರು ಅಪಹರಣವಾಗುತ್ತಾರೆ. ಹೇಜಲ್ ಅಜ್ಜಿಯ ಜೊತೆ ಲ್ಯಾಂಡ್‌ಫಾಲ್‌ನ ಜೈಲು ಸೇರುತ್ತಾಳೆ, ಅಲ್ಲೇ ಶಿಶುವಿಹಾರಕ್ಕೆ ಹೋಗುವಷ್ಟು ದೊಡ್ಡವಳಾಗುತ್ತಾಳೆ. ಅಪ್ಪ, ಅಮ್ಮ, ಮಗಳು ಮತ್ತೆ ಒಂದಾಗಲು ಆರನೇ ಸಂಪುಟದ ಕೊನೆ ಬರಬೇಕು.

ನಿಧಾನದ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇಲ್ಲಿದೆ. ಒಂದು ಚೀಲದ ಬೆಲೆ ಹನ್ನೆರಡು ಸಂಚಿಕೆಗೂ ಜಾಸ್ತಿ. ಓದುಗರು ತಿಂಗಳುಗಟ್ಟಲೆ ಕಾದು ಆ ಬೆಲೆ ಕೊಟ್ಟರು. ಎರಡು ಪುಟದ ನಂತರ ‘ಸಾರಿ’ ಕೇಳಿಸಿ ಮುಗಿಸಿದ್ದರೆ ಅದು ತಪ್ಪು ಅಂತಲೇ ಅನ್ನಿಸುತ್ತಿರಲಿಲ್ಲ.

ಅಲಾನಾ ಮೇಲೆ ಸಿಟ್ಟು ಬರುತ್ತದೆ. ಮಗು ಇಟ್ಟುಕೊಂಡು ಡ್ರಗ್ಸ್ ತಗೊಳ್ಳುವುದಾ?

ತಪ್ಪೇ. ಸಮರ್ಥಿಸಿಕೊಳ್ಳುವ ಕೆಲಸ ಕಾಮಿಕ್ಸ್ ಕೂಡ ಮಾಡುವುದಿಲ್ಲ. ಅವಳು ಮುಖ ಮುಚ್ಚಿಕೊಂಡು, ಹೆಸರು ಬದಲಿಸಿ, ಇಷ್ಟವಿಲ್ಲದ ಕಳಪೆ ಧಾರಾವಾಹಿಯಲ್ಲಿ ನಟಿಸಿ ಮನೆ ನಡೆಸುತ್ತಿದ್ದಾಳೆ. ಅಲ್ಲಿ ಅಭ್ಯಾಸವಾದದ್ದು ಮನೆಗೂ ಬರುತ್ತದೆ. ಅದೇ ಹೊತ್ತಿಗೆ ಮಾರ್ಕೋ ನೃತ್ಯ ಕಲಿಸುವ ಹೆಂಗಸಿನ ಜೊತೆ ಅಷ್ಟಿಷ್ಟು ಸಲಿಗೆ ಬೆಳೆಸಿಕೊಂಡಿದ್ದಾನೆ. ಇಬ್ಬರಿಗೂ ಹೇಳಿಕೊಳ್ಳದ ಗುಟ್ಟು.

ಒಂದು ಮಾತು ಮಾತ್ರ ಹೇಳಬೇಕು. ನನ್ನ ಹತ್ತಿರ ಪುಸ್ತಕ ತಗೊಂಡವರಲ್ಲಿ ಮಾರ್ಕೋನನ್ನು ‘ಪಾಪ’ ಅಂದವರು ಜಾಸ್ತಿ, ಅಲಾನಾಳನ್ನು ‘ಎಂಥ ತಾಯಿ’ ಅಂದವರು ಜಾಸ್ತಿ. ಅವನು ಆಯುಧ ಹಿಡಿದರೆ ಸಂದರ್ಭ, ಇವಳು ಬಾಯಿ ಹರಿದು ಬೈದರೆ ಸ್ವಭಾವ. ಮೊದಲ ಸಂಚಿಕೆಯ ಮೊದಲ ಪುಟದಲ್ಲೇ ಅವಳು ಹೆರಿಗೆ ನೋವಿನಲ್ಲಿ ಏನು ಕೇಳುತ್ತಾಳೆ ನೋಡಿ. ಯಾವ ನಾಯಕಿಯೂ ಕೇಳದ, ಹೆರಿಗೆ ಕೋಣೆಯಲ್ಲಿ ಮಾತ್ರ ಕೇಳಿಬರುವ ಪ್ರಶ್ನೆ. ಈ ಹೆಂಗಸು ಪೂಜೆಗೆ ಕೂರುವವಳಲ್ಲ ಅಂತ ಬರೆದವರು ಅಲ್ಲೇ ಹೇಳಿಬಿಟ್ಟಿದ್ದಾರೆ.

ದ ವಿಲ್ ಮತ್ತು ಪ್ರಿನ್ಸ್ ರೋಬೋಟ್ ವಿಲನ್‌ಗಳೋ, ನಾಯಕರೋ?

ಯಾರ ಬಾಗಿಲಿನಿಂದ ನೋಡುತ್ತೀರಿ ಅನ್ನುವುದರ ಮೇಲೆ. ದ ವಿಲ್ ಸುಪಾರಿ ಹಂತಕ. ಅದೇ ಮನುಷ್ಯ ವೇಶ್ಯಾವಾಟಿಕೆಗೆ ಮಾರಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಬಿಡಿಸಿ ತರುತ್ತಾನೆ, ಸೋಫಿ ಅಂತ ಹೆಸರಿಡುತ್ತಾನೆ. ಅವನ ಬೆಕ್ಕು ಲೈಯಿಂಗ್ ಕ್ಯಾಟ್. ಯಾರಾದರೂ ಸುಳ್ಳು ಹೇಳಿದರೆ ‘ಸುಳ್ಳು’ ಅನ್ನುವುದೊಂದೇ ಅದರ ಮಾತು. ಸೋಫಿ ಒಂದು ದಿನ ತಾನು ಒಳಗೆಲ್ಲ ಕೊಳಕು ಅನ್ನುತ್ತಾಳೆ. ಪಕ್ಕದಲ್ಲಿ ಮಲಗಿದ್ದ ಬೆಕ್ಕು ‘ಸುಳ್ಳು’ ಅನ್ನುತ್ತದೆ. ನಾನು ಓದಿದ ಕಾಮಿಕ್ಸ್‌ಗಳಲ್ಲೆಲ್ಲ ಇಷ್ಟು ಚಿಕ್ಕ ಸಂಭಾಷಣೆ ಇಷ್ಟು ಕೆಲಸ ಮಾಡಿದ್ದು ಇನ್ನೆಲ್ಲೂ ನೋಡಿಲ್ಲ.

ಹಾಗಂತ ಎಲ್ಲವನ್ನೂ ಹೊಗಳುವುದಿಲ್ಲ. ಪ್ರಿಯತಮೆ ಸತ್ತ ಮೇಲೆ ದ ವಿಲ್ ಕುಗ್ಗಿ, ದಪ್ಪವಾಗಿ, ಸತ್ತವಳ ಜೊತೆ ಮಾತಾಡುತ್ತಾ ಅಲೆಯುವ ಭಾಗ ಬಹಳ ಎಳೆದಿದೆ. ಅವನ ಪುಟ ಬಂದಾಗೆಲ್ಲ ‘ಸರಿ, ಮನೆಯವರ ಹತ್ತಿರ ಯಾವಾಗ ವಾಪಸ್’ ಅನ್ನಿಸುತ್ತಿತ್ತು. ದುಃಖ ದೀರ್ಘ ಅಂತ ಒಪ್ಪುತ್ತೇನೆ. ಆದರೆ ಅದೇ ದುಃಖವನ್ನು ಅದೇ ಮಾತಿನಲ್ಲಿ ಮೂರು ಸಲ ಹೇಳಬೇಕಿರಲಿಲ್ಲ. ರೋಬೋಟ್ ವಿಷಯ ಬೇರೆ. ಅವನಿಗೆ ಯುದ್ಧದ ನೆನಪು ಬಂದರೆ ಮುಖದ ಪರದೆಯ ಮೇಲೆ ಬಂದುಬಿಡುತ್ತದೆ, ಮುಚ್ಚಿಡಲು ಆಗುವುದಿಲ್ಲ. ಇಂಥ ಜಂಬದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಮಾರ್ಕೋನನ್ನು ಕೊಂದು ಮೂರೂವರೆ ವರ್ಷ ಮಾಯವಾದರಲ್ಲ, ಇದು ನ್ಯಾಯವಾ?

ಆಗ ನನಗೂ ಮೈಯೆಲ್ಲ ಉರಿದಿತ್ತು. 53ರಲ್ಲಿ ರೋಬೋಟ್, 54ರಲ್ಲಿ ಮಾರ್ಕೋ, ಇಬ್ಬರೂ ದ ವಿಲ್ ಕೈಯಲ್ಲಿ. ಕನಿಷ್ಠ ಒಂದು ವರ್ಷ ಬಿಡುವು ಅಂದಿದ್ದರು, ಅದು ಬೆಳೆಯುತ್ತಾ ಹೋಯಿತು.

ಈಗ ತಿರುಗಿ ಓದಿದಾಗ ಬೇರೆ ಥರ ಕಾಣುತ್ತದೆ. 55ನೇ ಸಂಚಿಕೆ ಶುರುವಾದಾಗ ಕಥೆಯೊಳಗೂ ಮೂರು ವರ್ಷ ಕಳೆದಿದೆ. ಅಲಾನಾ ವಿಧವೆ, ಹೇಜಲ್‌ಗೆ ಹತ್ತು ವರ್ಷ. ಅವರು ಹೇಗೆ ಅತ್ತರು, ಏನು ಉಂಡರು ಅಂತ ನಮಗೆ ತೋರಿಸಿಲ್ಲ. ನಾವು ಆ ಹೊತ್ತನ್ನು ಹೊರಗೆ ಕಳೆದಿದ್ದೆವು, ಅವರು ಒಳಗೆ. 2012ರಲ್ಲಿ ಹುಟ್ಟಿದ ಮಗುವಿಗೆ 2022ರಲ್ಲಿ ಹತ್ತು. ಈಗ ಒಂದೇ ಉಸಿರಿಗೆ ಓದುವವರಿಗೆ ಇದು ಸಿಗುವುದಿಲ್ಲ, ಅದಕ್ಕೆ ಏನೂ ಮಾಡಲಾಗದು.

ಇನ್ನೊಂದು ವಿಷಯ. ಈ ಕಾಮಿಕ್ಸ್ ದೊಡ್ಡ ಬದಲಾವಣೆಗಳನ್ನು ಯಾವಾಗಲೂ ಸಂಪುಟಗಳ ನಡುವಿನ ಖಾಲಿ ಜಾಗದಲ್ಲೇ ಮಾಡುತ್ತಾ ಬಂದಿದೆ. ಮೂರನೇ ಸಂಪುಟದಲ್ಲಿ ಕೈಗೂಸಾಗಿದ್ದ ಹೇಜಲ್ ನಾಲ್ಕರಲ್ಲಿ ಓಡಾಡುವಷ್ಟು ದೊಡ್ಡವಳು. ಮಾರ್ಕೋ ಸಾವಿನ ನಂತರದ ಖಾಲಿ ಜಾಗ ಅದೇ ಅಭ್ಯಾಸದ ದೊಡ್ಡ ರೂಪ.

ವಾಪಸ್ ಬಂದ ಮೇಲೆ ಇನ್ನೂ ನಿಧಾನವಾಗಿದೆ ಅನ್ನಿಸುತ್ತದೆ. ನನಗೊಬ್ಬನಿಗೇನಾ?

ಇಲ್ಲ, ನನಗೂ. ಮೊದಲು ಗಂಡ ಹೆಂಡತಿ ಜಗಳಕ್ಕೆ ಇಬ್ಬರಿದ್ದರು, ಈಗ ಅಲಾನಾ ಒಬ್ಬಳೇ. ಹೊಟ್ಟೆಪಾಡಿಗೆ ಕಳ್ಳಸಾಗಣೆಗೂ ಇಳಿದಿದ್ದಾಳೆ. ಅವಳ ತಪ್ಪನ್ನು ತಡೆಯಲು, ತಪ್ಪು ಅಂತ ಹೇಳಲು ಮನೆಯಲ್ಲಿ ಇರುವುದು ಹೆಚ್ಚಾಗಿ ಮಕ್ಕಳೇ. ಹಾಗಾಗಿ ಮಾತು ಕಡಿಮೆ, ಒದ್ದಾಟ ಜಾಸ್ತಿ. ಕೆಲವು ಸಂಚಿಕೆಗಳಲ್ಲಿ ಏನೂ ಆಗಲಿಲ್ಲ ಅಂತ ನಾನೂ ಗೊಣಗಿದ್ದೇನೆ. ಆದರೆ ಹೇಜಲ್ ಈಗ ಬರೀ ಹೇಳುವವಳಲ್ಲ, ತಪ್ಪು ಮಾಡುವ ವಯಸ್ಸಿಗೆ ಬಂದಿದ್ದಾಳೆ. ಅಮ್ಮನ ನಾಲಿಗೆ ಬಂದಿದೆ. ಅಪ್ಪನ ಕೈ ಬಂದಿದೆಯಾ ಅನ್ನುವುದನ್ನೇ ನಾನು ಕಾಯುತ್ತಿರುವುದು.

ಪ್ರಶಸ್ತಿ ಗಿಶಸ್ತಿ ಏನಾದರೂ?

ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ 2013ರಲ್ಲಿ ಮೊದಲ ಸಂಪುಟಕ್ಕೆ. ಸತತ ಮೂರು ವರ್ಷ, 2013ರಿಂದ 2015ರವರೆಗೆ, ಅತ್ಯುತ್ತಮ ಮುಂದುವರಿಯುವ ಸರಣಿ ಅಂತ ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿ.

ಎಲ್ಲಿಂದ ಶುರು ಮಾಡಲಿ? ಬಿಡಿ ಸಂಚಿಕೆಯಾ, ಸಂಪುಟವಾ?

ಸಂಪುಟ ಸಾಕು. ಮೊದಲ 54 ಸಂಚಿಕೆ ಒಂದೇ ಕಡೆ ಇರುವ ದಪ್ಪ ಪುಸ್ತಕ 2019ರಲ್ಲಿ ಬಂದಿದೆ, ಸಾವಿರದ ಮುನ್ನೂರಕ್ಕೂ ಹೆಚ್ಚು ಪುಟ. ಮಲಗಿಕೊಂಡು ಓದುವ ಅಭ್ಯಾಸ ಇದ್ದರೆ ಬೇಡ, ಕೈ ಜಾರಿದರೆ ಮೂಗು ಹೋಗುತ್ತದೆ. ಬಿಡಿ ಸಂಚಿಕೆಗಳಲ್ಲಿ ಒಂದು ಲಾಭ ಇದೆ: ಕೊನೆಯಲ್ಲಿ ಓದುಗರ ಪತ್ರಗಳ ಅಂಕಣ. ಇಮೇಲ್ ಬೇಡ, ಅಂಚೆಯಲ್ಲೇ ಕಳಿಸಿ ಅಂತ ವಾನ್ ಹಟ ಹಿಡಿದಿದ್ದಾರೆ. ಸಂಪುಟದಲ್ಲಿ ಆ ಪತ್ರಗಳು ಇರುವುದಿಲ್ಲ.

ಓದುವ ವೇಗದ ಬಗ್ಗೆ ಒಂದು ಸಲಹೆ. ಒಂದು ಸಂಪುಟ ಮುಗಿಸಿ ಒಂದು ವಾರವಾದರೂ ಬಿಡಿ. ಮತ್ತು ಕ್ರಮ ತಪ್ಪಿಸಬೇಡಿ. ನನಗೆ ಆನ್‌ಲೈನ್ ಅಂಗಡಿಯವರು ಮೂರರ ಬದಲು ನಾಲ್ಕನೇ ಸಂಪುಟ ಕಳಿಸಿದ್ದರು. ತಾಳ್ಮೆಯಿಲ್ಲದೆ ಅದನ್ನೇ ಓದಿದೆ. ಮೂರನೆಯದು ಬಂದು, ಆ ಲೇಖಕನ ಮನೆಯಲ್ಲಿ ಅಲಾನಾ ಮತ್ತು ಮಾರ್ಕೋ ಆಟವಾಡುತ್ತಾ ನಗುವುದನ್ನು ನೋಡುವಾಗ ದಿನಸಿ ಚೀಲದ ಪುಟ ಆಗಲೇ ತಲೆಯಲ್ಲಿ ಕೂತಿತ್ತು. ಒಂದು ಪುಟವನ್ನೂ ನಗುತ್ತಾ ಓದಲಾಗಲಿಲ್ಲ.